‘ನಾನೀಗ ಇಂಟರಪ್ಟ್‌ನಲ್ಲಿದ್ದೀನಾ?’ – ಡ್ರೈವರ್‌ನಿಂದ ಒಂದು ಪ್ರಶ್ನೆಯನ್ನು ಕಿತ್ತು ಹಾಕಿದ ಅನುಭವ

ಲಿನಕ್ಸ್ ಡ್ರೈವರ್‌ಗಳ ಒಳಗೆ ಕೈಹಾಕಿದವರಿಗೆಲ್ಲ ಈ ಸಾಲು ಪರಿಚಯ ಇರುತ್ತದೆ:

ಫ್ಲ್ಯಾಗ್ = ಇನ್_ಇಂಟರಪ್ಟ್() ? ಜಿಎಫ್‌ಪಿ_ಅಟಾಮಿಕ್ : ಜಿಎಫ್‌ಪಿ_ಕರ್ನೆಲ್;

ಅರ್ಥ ಸರಳ. ಇಂಟರಪ್ಟ್ (ಹಾರ್ಡ್‌ವೇರ್ ನಡುವೆ ಬಂದು ಸಿಪಿಯುವನ್ನು ಕರೆಯುವುದು) ಒಳಗಿದ್ದರೆ ಕಾಯದೆ ಮೆಮೊರಿ ಕೊಡು, ಇಲ್ಲದಿದ್ದರೆ ಬೇಕಾದಷ್ಟು ಕಾದು ಕೊಡು. ಓದಿದರೆ ಜಾಣ ಕೋಡ್ ಅನಿಸುತ್ತದೆ. ಎಲ್ಲಿಂದ ಕರೆದರೂ ನಡೆಯುತ್ತದೆ, ಕರೆಯುವವರು ತಲೆ ಕೆಡಿಸಿಕೊಳ್ಳಬೇಕಿಲ್ಲ. ತೊಂದರೆ ಶುರುವಾಗುವುದೇ ಈ ಜಾಣತನದಿಂದ. ನಾವು ನೋಡಿಕೊಳ್ಳುವ ಒಂದು ಡ್ರೈವರ್‌ನಿಂದ ಇಂಥ ಚೆಕ್‌ಗಳನ್ನೆಲ್ಲ ತೆಗೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದನ್ನು ಹೇಗೆ ಮಾಡಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಸಿ ಗೊತ್ತಿದ್ದು, ಒಂದು ಚಿಕ್ಕ ಕರ್ನೆಲ್ ಮಾಡ್ಯೂಲ್ ಆದರೂ ಬರೆದವರಿಗೆ ಇದು ಅರ್ಥವಾಗಬೇಕು.

ಡ್ರೈವರ್ ಯುಎಸ್‌ಬಿಗೆ ಸಿಕ್ಕಿಸುವ ಒಂದು ನೆಟ್‌ವರ್ಕ್ ಸಾಧನದ್ದು. ಮೇನ್‌ಲೈನ್, ಅಂದರೆ ಅಧಿಕೃತ ಕರ್ನೆಲ್‌ನಲ್ಲಿ ಇಲ್ಲ, ಹೊರಗೇ ಇಟ್ಟು ಸಾಕುತ್ತಿರುವುದು. ಹಲವು ಕೈ ದಾಟಿ ನಮ್ಮ ಹತ್ತಿರ ಬಂದ ಕೋಡ್. ಅದನ್ನು ಈಗ ರಿಯಲ್‌ಟೈಮ್ ಕರ್ನೆಲ್ ಮೇಲೆ, ಅಂದರೆ ಪ್ರೀಎಂಪ್ಟ್_ಆರ್‌ಟಿ ಹಾಕಿದ ಕರ್ನೆಲ್ ಮೇಲೆ ಓಡಿಸಬೇಕಿತ್ತು. ಇಪ್ಪತ್ತು ವರ್ಷ ಹೊರಗೇ ಬೆಳೆದ ಆ ಆರ್‌ಟಿ ಕೆಲಸ ಕೊನೆಗೂ ಮೇನ್‌ಲೈನ್ ಸೇರಿ, 2024ರ ನವೆಂಬರ್‌ನಲ್ಲಿ ಬಂದ 6.12ರಿಂದ ಎಕ್ಸ್86, ಆರ್ಮ್64, ರಿಸ್ಕ್-ವಿ ಮೂರಕ್ಕೂ ಪ್ಯಾಚ್ ಇಲ್ಲದೆಯೇ ಸಿಗುತ್ತದೆ. ಹೀಗಾಗಿ "ಆರ್‌ಟಿ ಬೇಕು" ಅಂತ ಕೇಳುವ ಗ್ರಾಹಕರು ಜಾಸ್ತಿಯಾಗಿದ್ದಾರೆ.

ಆ ಪ್ರಶ್ನೆಗೆ ಸಿಗುವ ಉತ್ತರ ಏನು?

ಕೆಲಸಕ್ಕೆ ಇಳಿಯುವ ಮೊದಲು ಇನ್_ಇಂಟರಪ್ಟ್() ನಿಜವಾಗಿ ಏನು ನೋಡುತ್ತದೆ ಅಂತ ತಿಳಿದಿರಬೇಕು. ಎಷ್ಟೋ ವರ್ಷ ಡ್ರೈವರ್ ಬರೆದವರೂ ಇದನ್ನು ಹೆಸರು ನೋಡಿಯೇ ನಂಬಿರುತ್ತಾರೆ.

ಕರ್ನೆಲ್ ಪ್ರೀಎಂಪ್ಟ್_ಕೌಂಟ್ ಅನ್ನುವ 32 ಬಿಟ್‌ನ ಒಂದು ಲೆಕ್ಕ ಇಟ್ಟುಕೊಂಡಿರುತ್ತದೆ. ಅದರಲ್ಲಿ 0ರಿಂದ 7ನೇ ಬಿಟ್‌ವರೆಗೆ ಪ್ರೀಎಂಪ್ಶನ್ (ಓಡುವ ಕೆಲಸವನ್ನು ನಡುವೆ ನಿಲ್ಲಿಸಿ ಇನ್ನೊಂದನ್ನು ಓಡಿಸುವುದು) ಎಷ್ಟು ಸಲ ತಡೆದಿದ್ದಾರೆ ಅನ್ನುವ ಎಣಿಕೆ. 8ರಿಂದ 15 ಸಾಫ್ಟ್‌ಐಆರ್‌ಕ್ಯೂಗೆ, ಅಂದರೆ ಇಂಟರಪ್ಟ್ ಸ್ವಲ್ಪ ಮುಂದಕ್ಕೆ ಹಾಕಿದ ಕೆಲಸಕ್ಕೆ. 16ರಿಂದ 19 ಹಾರ್ಡ್‌ವೇರ್ ಇಂಟರಪ್ಟ್‌ಗೆ. 20ರಿಂದ 23 ಎನ್‌ಎಂಐಗೆ, ಅಂದರೆ ತಡೆಯಲಾಗದ ಇಂಟರಪ್ಟ್‌ಗೆ. ಇನ್_ಇಂಟರಪ್ಟ್() ನೋಡುವುದು ಈ ಕೊನೆಯ ಮೂರು ಭಾಗಗಳನ್ನು ಮಾತ್ರ. ಅವುಗಳಲ್ಲಿ ಒಂದಾದರೂ ಸೊನ್ನೆ ಅಲ್ಲದಿದ್ದರೆ ‘ಹೌದು’ ಅನ್ನುತ್ತದೆ.

ಈಗ ಎಡವಟ್ಟುಗಳನ್ನು ನೋಡಿ. ಮಾಮೂಲಿ ಪ್ರೊಸೆಸ್ ಕಾಂಟೆಕ್ಸ್ಟ್‌ನಲ್ಲೇ (ಕಾಯಲು ಅಡ್ಡಿಯಿಲ್ಲದ ಸಾಮಾನ್ಯ ಸ್ಥಿತಿ) ಇದ್ದು, ಬಿಎಚ್ ಅಂದರೆ ಸಾಫ್ಟ್‌ಐಆರ್‌ಕ್ಯೂ ಓಡದಂತೆ ತಡೆಯುವ ಲೋಕಲ್_ಬಿಎಚ್_ಡಿಸೇಬಲ್() ಕರೆದರೆ ಸಾಫ್ಟ್‌ಐಆರ್‌ಕ್ಯೂ ಎಣಿಕೆ ಏರುತ್ತದೆ. ಯಾವ ಇಂಟರಪ್ಟೂ ಬಂದಿಲ್ಲ, ಆದರೂ ಉತ್ತರ ‘ಹೌದು’. ಅದಾದರೂ ಪರವಾಗಿಲ್ಲ, ಅಲ್ಲಿ ಸ್ಲೀಪ್ ಆಗಬಾರದು (ಸಿಪಿಯು ಬಿಟ್ಟುಕೊಟ್ಟು ಕಾಯಬಾರದು) ಅನ್ನುವುದಂತೂ ನಿಜ. ಇದರ ಉಲ್ಟಾ ಕೇಸ್ ಭಯಂಕರ. ಸ್ಪಿನ್‌ಲಾಕ್ (ಸಿಗುವವರೆಗೆ ಸಿಪಿಯು ಸುತ್ತುತ್ತಾ ಕಾಯುವ ಲಾಕ್) ಹಿಡಿದಾಗ ಏರುವುದು 0–7ರ ಎಣಿಕೆ. ಅದನ್ನು ಇನ್_ಇಂಟರಪ್ಟ್() ನೋಡುವುದೇ ಇಲ್ಲ. ಇಂಟರಪ್ಟ್ ನಿಲ್ಲಿಸಿದ ಸ್ಥಿತಿ ಈ ಲೆಕ್ಕದಲ್ಲೇ ಇರುವುದಿಲ್ಲ, ಅದು ಸಿಪಿಯುನ ಫ್ಲ್ಯಾಗ್‌ನಲ್ಲಿ ಇರುತ್ತದೆ. ಅಂದರೆ ಸ್ಪಿನ್‌ಲಾಕ್ ಹಿಡಿದು ಕೂತಿದ್ದರೂ, ಇಂಟರಪ್ಟ್ ಆಫ್ ಮಾಡಿದ್ದರೂ ‘ಇಲ್ಲ’ ಅಂತ ಉತ್ತರ ಬರುತ್ತದೆ. ಮೇಲಿನ ಸಾಲು ಆಗ ಧಾರಾಳವಾಗಿ ಜಿಎಫ್‌ಪಿ_ಕರ್ನೆಲ್ ಆರಿಸುತ್ತದೆ, ಅಂದರೆ ಸ್ಲೀಪ್ ಆಗಲೇಬಾರದ ಜಾಗದಲ್ಲಿ ಸ್ಲೀಪ್ ಆಗಲು ಒಪ್ಪಿಗೆ ಕೊಡುತ್ತದೆ.

"ಹಾಗಾದರೆ ಇನ್_ಅಟಾಮಿಕ್() ಬಳಸಿದರಾಯಿತು, ಅದು ಇಡೀ ಲೆಕ್ಕ ನೋಡುತ್ತದಲ್ಲ" ಅಂತ ಕೆಲವರು ಹೇಳುತ್ತಾರೆ. ನೋಡುತ್ತದೆ ನಿಜ. ಆದರೆ ಪ್ರೀಎಂಪ್ಟ್_ಕೌಂಟ್ ಆಯ್ಕೆ ಇಲ್ಲದೆ ಕಟ್ಟಿದ ಕರ್ನೆಲ್‌ನಲ್ಲಿ ಸ್ಪಿನ್‌ಲಾಕ್ ಹಿಡಿದರೆ ಎಣಿಕೆ ಏರುವುದೇ ಇಲ್ಲ. ಅಲ್ಲಿ ಇನ್_ಅಟಾಮಿಕ್() ಕೂಡ ಕುರುಡು. ಆ ಮ್ಯಾಕ್ರೋ ಇರುವ ಹೆಡರ್ ಫೈಲಿನಲ್ಲೇ ಎಚ್ಚರಿಕೆ ಬರೆದಿದ್ದಾರೆ: ಇದು ಎಲ್ಲ ಸಲವೂ ಪತ್ತೆ ಮಾಡಲಾರದು, ಡ್ರೈವರ್ ಕೋಡ್‌ನಲ್ಲಿ ಬಳಸಬೇಡಿ ಅಂತ. ಪ್ಯಾಚ್‌ಗಳಲ್ಲಿ ತಪ್ಪು ಹುಡುಕುವ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಕೂಡ ಅದನ್ನು ಕಂಡರೆ ಕೂಗುತ್ತದೆ. ಆದರೂ ಡ್ರೈವರ್‌ಗಳಲ್ಲಿ ಸಿಗುತ್ತದೆ. ಯಾಕೆಂದರೆ ಡ್ರೈವರ್‌ಗಳು ಹುಟ್ಟುವುದೇ ಇನ್ನೊಂದು ಡ್ರೈವರ್‌ನಿಂದ ಕಾಪಿ ಹೊಡೆದು.

ಆರ್‌ಟಿ ಕರ್ನೆಲ್‌ನಲ್ಲಿ ಈ ಊಹೆಗಳು ಇನ್ನೂ ಅದಲುಬದಲಾಗುತ್ತವೆ. ಅಲ್ಲಿ ಮಾಮೂಲಿ ಸ್ಪಿನ್‌ಲಾಕ್ ಅಂದರೆ ಸ್ಲೀಪ್ ಆಗಬಲ್ಲ ಲಾಕ್. ಹಿಡಿದರೆ ಪ್ರೀಎಂಪ್ಶನ್ ನಿಲ್ಲುವುದಿಲ್ಲ. ಸ್ಪಿನ್_ಲಾಕ್_ಐಆರ್‌ಕ್ಯೂಸೇವ್() ಕರೆದರೂ ಇಂಟರಪ್ಟ್ ಆಫ್ ಆಗುವುದಿಲ್ಲ. ಹೆಚ್ಚಿನ ಇಂಟರಪ್ಟ್ ಹ್ಯಾಂಡ್ಲರ್‌ಗಳು ಥ್ರೆಡ್‌ನಲ್ಲಿ ಓಡುತ್ತವೆ. ಜಿಎಫ್‌ಪಿ_ಅಟಾಮಿಕ್ ಹಾಕಿದರೆ ಎಲ್ಲಿಂದ ಬೇಕಾದರೂ ಮೆಮೊರಿ ಕೇಳಬಹುದು ಅನ್ನುವುದೂ ಅಲ್ಲಿ ಸುಳ್ಳು. ನಿಜವಾಗಿ ಪ್ರೀಎಂಪ್ಶನ್ ನಿಲ್ಲಿಸಿದ ಜಾಗದಲ್ಲಿ ಅಥವಾ ರಾ ಸ್ಪಿನ್‌ಲಾಕ್ (ಆರ್‌ಟಿಯಲ್ಲೂ ಸ್ಲೀಪ್ ಆಗದ ಲಾಕ್) ಒಳಗೆ ಕೇಳುವ ಹಾಗಿಲ್ಲ, ಯಾಕೆಂದರೆ ಮೆಮೊರಿ ಹಂಚುವ ಕೋಡ್ ಒಳಗಿನ ಲಾಕ್‌ಗಳೇ ಸ್ಲೀಪ್ ಆಗುವಂಥವು. ಒಂದೇ ಸಿ ಸಾಲು, ಎರಡು ಕರ್ನೆಲ್‌ನಲ್ಲಿ ಎರಡು ನಡವಳಿಕೆ.

ಮಳೆ ಬಂತಾ ಅಂತ ತಿಳಿಯಲು ಬಾಗಿಲ ಹತ್ತಿರದ ಚಪ್ಪಲಿ ಒದ್ದೆಯಾಗಿದೆಯಾ ಅಂತ ಬಗ್ಗಿ ನೋಡಿದ ಹಾಗೆ ಇದು. ಹೊರಗಿಂದ ಬಂದವರು ಪಕ್ಕದಲ್ಲೇ ನಿಂತಿದ್ದಾರೆ, ಅವರನ್ನು ಕೇಳಿದರೆ ಮುಗಿಯಿತು. ಡ್ರೈವರ್‌ನಲ್ಲಿ ಆ ‘ಹೊರಗಿಂದ ಬಂದವರು’ ಅಂದರೆ ಕರೆದ ಫಂಕ್ಷನ್. ತಾನು ಯಾವ ಲಾಕ್ ಹಿಡಿದಿದ್ದೇನೆ, ಎಲ್ಲಿಂದ ಬಂದಿದ್ದೇನೆ ಅಂತ ಅದಕ್ಕೆ ಗೊತ್ತಿರುತ್ತದೆ.

ಇದು ನನ್ನ ಸ್ವಂತ ತತ್ವ ಏನಲ್ಲ. 2020ರಲ್ಲಿ ಕರ್ನೆಲ್ ಡೆವಲಪರ್‌ಗಳಾದ ಥಾಮಸ್ ಗ್ಲೈಕ್ಸ್‌ನರ್, ಸೆಬಾಸ್ಟಿಯನ್ ಸೀವಿಯರ್, ಅಹ್ಮದ್ ದರ್ವಿಶ್ ಮತ್ತು ಅವರ ಜೊತೆಗಾರರು ಮೇನ್‌ಲೈನ್ ಡ್ರೈವರ್‌ಗಳಿಂದ ಇಂಥ ಚೆಕ್‌ಗಳನ್ನು ಗುಡಿಸುವ ಕೆಲಸ ಶುರುಮಾಡಿದರು. ಲಿನಸ್ ಟೊರ್ವಾಲ್ಡ್ಸ್ ಅವರ ನಿಲುವೂ ಅದೇ ಆಗಿತ್ತು: ಡ್ರೈವರ್ ಕೋಡ್ ತಾನಿರುವ ಕಾಂಟೆಕ್ಸ್ಟ್ ನೋಡಿ ನಡವಳಿಕೆ ಬದಲಿಸಬಾರದು, ಎರಡು ದಾರಿಯನ್ನು ಬೇರೆ ಬೇರೆ ಮಾಡಿ, ಇಲ್ಲವೇ ಕರೆಯುವವರು ಆರ್ಗ್ಯುಮೆಂಟ್‌ನಲ್ಲಿ ಹೇಳಲಿ. ಆ ಪ್ಯಾಚ್‌ಗಳ ಕಮಿಟ್ ಮೆಸೇಜ್‌ಗಳನ್ನು ಓದಿಯೇ ನಾನು ಈ ಕೆಲಸ ಕಲಿತದ್ದು. ಅದರಲ್ಲೂ ಲಿಬ್‌ಸಾಸ್ (ಎಸ್‌ಎಎಸ್ ಡಿಸ್ಕ್‌ಗಳನ್ನು ನೋಡಿಕೊಳ್ಳುವ) ಭಾಗಕ್ಕೆ ದರ್ವಿಶ್ ಬರೆದವು. ಯಾವ ಫಂಕ್ಷನ್ ಯಾವುದರಿಂದ ಬರುತ್ತದೆ, ಅಲ್ಲಿ ಯಾವ ಕಾಂಟೆಕ್ಸ್ಟ್ ಇದೆ ಅಂತ ಇಡೀ ಕಾಲ್ ಚೈನ್ ಬಿಡಿಸಿ ಬರೆದಿದ್ದಾರೆ. ಬದಲಾದ ಸಾಲು ನಾಲ್ಕಾರು ಇದ್ದರೂ ವಿವರಣೆ ಪುಟಗಟ್ಟಲೆ.

ಹುಡುಕುವುದು ಸುಲಭ, ನಂಬುವುದು ಕಷ್ಟ

ಗಿಟ್ ಗ್ರೆಪ್ ಹೊಡೆದರೆ ಪಟ್ಟಿ ಸಿಗುತ್ತದೆ. ಇನ್_ಇಂಟರಪ್ಟ್ ಒಂದೇ ಹುಡುಕಿದರೆ ಸಾಲದು. ಇನ್_ಐಆರ್‌ಕ್ಯೂ, ಇನ್_ಸಾಫ್ಟ್‌ಐಆರ್‌ಕ್ಯೂ, ಇನ್_ಅಟಾಮಿಕ್, ಐಆರ್‌ಕ್ಯೂಸ್_ಡಿಸೇಬಲ್ಡ್, ಪ್ರೀಎಂಪ್ಟಿಬಲ್, ಎಲ್ಲವನ್ನೂ ಹುಡುಕಬೇಕು. ಹೊರಗಿನಿಂದ ಬಂದ ಡ್ರೈವರ್‌ಗಳಲ್ಲಿ ಇನ್ನೊಂದು ರೋಗ ಇರುತ್ತದೆ. ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್‌ಗಳಿಗೆ ಒಂದೇ ಕೋಡ್ ಓಡಲಿ ಅಂತ ನಡುವೆ ಒಂದು ‘ಓಎಸ್ ಲೇಯರ್’ ಇಟ್ಟಿರುತ್ತಾರೆ. ಅದರ ಮೆಮೊರಿ ಫಂಕ್ಷನ್‌ಗೆ ಸೈಜ್ ಒಂದೇ ಕೊಡುವುದು, ಫ್ಲ್ಯಾಗ್ ಕೊಡಲು ಜಾಗವೇ ಇಲ್ಲ. ಒಳಗೆ ಮೂರು ಚೆಕ್ ಸೇರಿಸಿ ಫ್ಲ್ಯಾಗ್ ಊಹಿಸುತ್ತಾರೆ. ನಮ್ಮ ಡ್ರೈವರ್‌ನಲ್ಲೂ ಇದೇ ಇತ್ತು. ಗ್ರೆಪ್‌ನಲ್ಲಿ ಕಾಣುವುದು ಒಂದೇ ಸಾಲು, ಅದನ್ನು ಕರೆಯುವ ಜಾಗಗಳು ಡ್ರೈವರ್ ತುಂಬ.

ಸಿಕ್ಕ ಪಟ್ಟಿಯನ್ನು ಕೂತು ಓದಿದರೆ ಚೆಕ್‌ಗಳ ಸ್ವಭಾವ ಬೇರೆ ಬೇರೆ ಅಂತ ಗೊತ್ತಾಗುತ್ತದೆ. ಕೆಲವು ಸುಮ್ನೆ ಕಾವಲು: ಬಗ್_ಆನ್(ಇನ್_ಇಂಟರಪ್ಟ್()) ಅಂತ ಫಂಕ್ಷನ್ ತಲೆಯಲ್ಲಿ. ಕೆಲವು ಮೆಮೊರಿ ಫ್ಲ್ಯಾಗ್ ಆರಿಸುವವು. ಕೆಲವು ದಾರಿಯನ್ನೇ ಬದಲಿಸುವವು, ಎಂಸ್ಲೀಪ್ ಅಥವಾ ಎಂಡಿಲೇ, ಕಾದು ಬರೆಯುವುದು ಅಥವಾ ಬರೆದು ಮುಂದೆ ಹೋಗುವುದು. ಇನ್ನು ಕೆಲವು ಲಾಕ್ ಆರಿಸುವವು. ಇವುಗಳಲ್ಲಿ ಕಾವಲು ಚೆಕ್‌ಗಳನ್ನು ಕಿತ್ತರೆ ನಡವಳಿಕೆ ಬದಲಾಗುವುದಿಲ್ಲ. ಮಿಕ್ಕವುಗಳನ್ನು ಹಾಗೆ ಕೀಳಲು ಬರುವುದಿಲ್ಲ, ಮೊದಲು ಉತ್ತರ ಕಂಡುಹಿಡಿಯಬೇಕು.

ಉತ್ತರ ಕಂಡುಹಿಡಿಯುವ ದಾರಿ ಒಂದೇ. ಚೆಕ್ ಇರುವ ಫಂಕ್ಷನ್‌ನಿಂದ ಮೇಲಕ್ಕೆ ಹತ್ತಬೇಕು. ಅದನ್ನು ಕರೆಯುವವರು ಯಾರು, ಅವರನ್ನು ಕರೆಯುವವರು ಯಾರು, ಹೀಗೆ ಕರ್ನೆಲ್ ನಮ್ಮ ಡ್ರೈವರ್‌ನ ಬಾಗಿಲು ತಟ್ಟುವ ಜಾಗದವರೆಗೆ. ಆ ಬಾಗಿಲುಗಳ ನಿಯಮ ಮೊದಲೇ ಬರೆದಿಟ್ಟಿದ್ದಾರೆ. ನೆಟ್‌ವರ್ಕ್ ಡ್ರೈವರ್‌ಗಳಿಗೆ ಕರ್ನೆಲ್‌ನ ಡಾಕ್ಯುಮೆಂಟೇಶನ್ ಒಳಗಿನ ನೆಟ್‌ಡಿವೈಸಸ್ ಫೈಲ್ ತೆರೆಯಿರಿ. ಓಪನ್ ಮತ್ತು ಸ್ಟಾಪ್ ಬರುವುದು ಪ್ರೊಸೆಸ್ ಕಾಂಟೆಕ್ಸ್ಟ್‌ನಲ್ಲಿ, ಆರ್‌ಟಿಎನ್‌ಎಲ್ ಅನ್ನುವ ನೆಟ್‌ವರ್ಕ್ ಲಾಕ್ ಹಿಡಿದು. ಪ್ಯಾಕೆಟ್ ಕಳಿಸುವ ಸ್ಟಾರ್ಟ್_ಎಕ್ಸ್‌ಮಿಟ್ ಬರುವಾಗ ಬಿಎಚ್ ನಿಂತಿರುತ್ತದೆ, ಕರ್ನೆಲ್ ಲಾಗನ್ನು ನೆಟ್‌ವರ್ಕ್ ಮೇಲೆ ಕಳಿಸುವ ನೆಟ್‌ಕನ್ಸೋಲ್‌ನಿಂದ ಬಂದರೆ ಇಂಟರಪ್ಟ್ ಕೂಡ ಆಫ್. ಸೆಟ್_ಆರ್‌ಎಕ್ಸ್_ಮೋಡ್ ಬರುವುದು ಅಡ್ರೆಸ್ ಲಾಕ್ ಅನ್ನುವ ಸ್ಪಿನ್‌ಲಾಕ್ ಒಳಗಿಂದ, ಟಿಎಕ್ಸ್ ಟೈಮ್‌ಔಟ್ ಕೂಡ ಒಂದು ಸ್ಪಿನ್‌ಲಾಕ್ ಒಳಗಿಂದಲೇ. ಇವುಗಳ ಜೊತೆ ನಾನು ನನ್ನದೇ ಪಟ್ಟಿ ಸೇರಿಸಿಕೊಂಡೆ: ಪ್ರೋಬ್ ಮತ್ತು ಡಿಸ್ಕನೆಕ್ಟ್ ಪ್ರೊಸೆಸ್ ಕಾಂಟೆಕ್ಸ್ಟ್, ವರ್ಕ್‌ಕ್ಯೂ (ಆಮೇಲೆ ಮಾಡಲು ಹಚ್ಚಿಟ್ಟ ಕೆಲಸಗಳ ಸಾಲು) ಪ್ರೊಸೆಸ್ ಕಾಂಟೆಕ್ಸ್ಟ್, ಟೈಮರ್ ಸಾಫ್ಟ್‌ಐಆರ್‌ಕ್ಯೂ, ಯುಎಸ್‌ಬಿ ಕಂಪ್ಲೀಶನ್ ಹ್ಯಾಂಡ್ಲರ್ ಹೋಸ್ಟ್ ಕಂಟ್ರೋಲರ್ ಮೇಲೆ ನಿಂತದ್ದು, ಕೆಲವು ಕಡೆ ಹಾರ್ಡ್‌ವೇರ್ ಇಂಟರಪ್ಟ್, ಕೆಲವು ಕಡೆ ಸಾಫ್ಟ್‌ಐಆರ್‌ಕ್ಯೂ. ಅಲ್ಲಿ ಯಾವಾಗಲೂ ಅಟಾಮಿಕ್ ಅಂದುಕೊಂಡರೆ ಕ್ಷೇಮ.

ಮೇಲಕ್ಕೆ ಹತ್ತಲು ಸಿ ಕೋಡ್‌ನಲ್ಲಿ ಹುಡುಕುವ ಸಿಸ್ಕೋಪ್ ಸಾಕು. ಆದರೆ ಫಂಕ್ಷನ್ ಪಾಯಿಂಟರ್ ಸಿಕ್ಕ ಕಡೆ ಇಂಥ ಎಲ್ಲ ಟೂಲ್‌ಗಳೂ ಕೈ ಎತ್ತುತ್ತವೆ. ಆಪ್ಸ್ ಟೇಬಲ್‌ನಲ್ಲಿ ಯಾರು ಏನು ತುಂಬಿದ್ದಾರೆ ಅಂತ ಕಣ್ಣಲ್ಲೇ ನೋಡಬೇಕು. ಈ ಕೆಲಸದಲ್ಲಿ ಸಮಯ ತಿಂದದ್ದು ಇದೇ, ಕೋಡ್ ಬದಲಿಸುವುದಲ್ಲ.

ನನಗೆ ನೆರವಾದ ಇನ್ನೊಂದು ಉಪಾಯ ಎಫ್‌ಟ್ರೇಸ್, ಕರ್ನೆಲ್ ಫಂಕ್ಷನ್‌ಗಳ ಓಟ ದಾಖಲಿಸುವ ಟೂಲ್. ಅನುಮಾನ ಇರುವ ಫಂಕ್ಷನ್‌ನ ಹೆಸರನ್ನು ಫಿಲ್ಟರ್‌ಗೆ ಹಾಕಿ, ಫಂಕ್_ಸ್ಟ್ಯಾಕ್_ಟ್ರೇಸ್ ಆಯ್ಕೆ ಆನ್ ಮಾಡಿ, ಸಾಧನವನ್ನು ಚೆನ್ನಾಗಿ ಗೋಳಾಡಿಸಿದರೆ ಯಾರ್ಯಾರು ಕರೆಯುತ್ತಾರೆ ಅಂತ ಸ್ಟ್ಯಾಕ್ ಸಮೇತ ಬರುತ್ತದೆ. (ಫಿಲ್ಟರ್ ಹಾಕದೆ ಆ ಆಯ್ಕೆ ಆನ್ ಮಾಡಬೇಡಿ, ಮೆಶಿನ್ ತೆವಳಲು ಶುರುಮಾಡುತ್ತದೆ.) ಟ್ರೇಸ್‌ನಲ್ಲಿ ಬಂದ ದಾರಿ ಇದೆ ಅನ್ನುವುದು ಖಚಿತ. ಬರದೇ ಇದ್ದ ದಾರಿ ಇಲ್ಲ ಅಂತ ಹೇಳಲು ಬರುವುದಿಲ್ಲ. ಸಾಧನ ಕಿತ್ತಾಗ, ಸಸ್ಪೆಂಡ್ ಆದಾಗ, ಫರ್ಮ್‌ವೇರ್ ಸತ್ತಾಗ ಮಾತ್ರ ಓಡುವ ದಾರಿಗಳು ಇರುತ್ತವಲ್ಲ. ಹಾಗಾಗಿ ಓದುವುದು ತಪ್ಪಲಿಲ್ಲ.

ರಿಜಿಸ್ಟರ್ ಬರೆಯುವ ಫಂಕ್ಷನ್‌ನ ಕಥೆ

ನಮ್ಮ ಡ್ರೈವರ್‌ನಲ್ಲಿ ಚಿಪ್‌ನ ರಿಜಿಸ್ಟರ್‌ಗೆ ಬರೆಯಲು ಒಂದೇ ಫಂಕ್ಷನ್ ಇತ್ತು. ಯುಎಸ್‌ಬಿ ಆದ್ದರಿಂದ ಬರೆಯುವುದು ಅಂದರೆ ಕಂಟ್ರೋಲ್ ಮೆಸೇಜ್ ಕಳಿಸಿ ಉತ್ತರಕ್ಕೆ ಕಾಯುವುದು, ಅಂದರೆ ಸ್ಲೀಪ್. ಆದರೆ ಮಲ್ಟಿಕಾಸ್ಟ್ ಫಿಲ್ಟರ್ ಬದಲಿಸಲು ಸೆಟ್_ಆರ್‌ಎಕ್ಸ್_ಮೋಡ್ ಬಂದಾಗ ಸ್ಲೀಪ್ ಆಗುವ ಹಾಗಿಲ್ಲ. ಹಿಂದೆ ಬರೆದವರು ಅದಕ್ಕೊಂದು ಪರಿಹಾರ ಕಂಡಿದ್ದರು. ಫಂಕ್ಷನ್ ಒಳಗೆ ಇನ್_ಇಂಟರಪ್ಟ್() ಕೇಳುವುದು. ಹೌದು ಅಂದರೆ ಯುಆರ್‌ಬಿ (ಯುಎಸ್‌ಬಿಗೆ ಕೊಡುವ ಕೋರಿಕೆ) ಕಳಿಸಿ ವಾಪಸ್ ಬರುವುದು, ಇಲ್ಲ ಅಂದರೆ ಯುಎಸ್‌ಬಿ_ಕಂಟ್ರೋಲ್_ಎಂಎಸ್‌ಜಿ() ಕರೆದು ಕಾಯುವುದು.

ಸೆಟ್_ಆರ್‌ಎಕ್ಸ್_ಮೋಡ್‌ನಲ್ಲಿ ಇದು ಸರಿಯಾಗಿ ನಡೆಯುತ್ತಿತ್ತು. ನಡೆದದ್ದು ಸ್ಪಿನ್‌ಲಾಕ್ ಇದೆ ಅಂತ ಗೊತ್ತಾಗಿ ಅಲ್ಲ. ಆ ಲಾಕ್ ಹಿಡಿಯುವಾಗ ಬಿಎಚ್ ಕೂಡ ನಿಲ್ಲಿಸುತ್ತಾರೆ, ಆ ಎಣಿಕೆ ಕಣ್ಣಿಗೆ ಬಿತ್ತು, ಅಷ್ಟೇ. ಆದರೆ ಲಿಂಕ್ ಮೇಲೆ-ಕೆಳಗೆ ಆದಾಗ ಓಡುವ ಒಂದು ವರ್ಕ್ ಇತ್ತು. ಅದು ನಮ್ಮದೇ ಒಂದು ಸ್ಪಿನ್‌ಲಾಕ್ ಹಿಡಿದು, ಲಿಂಕ್‌ನ ಸ್ಥಿತಿ ಬದಲಿಸಿ, ಹಾಗೇ ರಿಜಿಸ್ಟರ್ ಕೂಡ ಬರೆಯುತ್ತಿತ್ತು. ಅಲ್ಲಿ ಬಿಎಚ್ ನಿಂತಿಲ್ಲ, ಇಂಟರಪ್ಟ್ ಇಲ್ಲ. ಉತ್ತರ ‘ಇಲ್ಲ’. ಸ್ಪಿನ್‌ಲಾಕ್ ಹಿಡಿದುಕೊಂಡೇ ಡ್ರೈವರ್ ನಿದ್ದೆಗೆ ಹೋಗುತ್ತಿತ್ತು.

ವರ್ಷಗಟ್ಟಲೆ ಇದು ಯಾರಿಗೂ ಕಾಣಲಿಲ್ಲ. ಹೊರಗೆ ಓಡುತ್ತಿದ್ದ ಕರ್ನೆಲ್‌ಗಳಲ್ಲಿ ಎಣಿಕೆಯೇ ಇರಲಿಲ್ಲ, ಹಾಗಾಗಿ ದೂರು ಹೇಳುವವರೂ ಇರಲಿಲ್ಲ. ಅಪರೂಪಕ್ಕೆ ಇನ್ನೊಂದು ಸಿಪಿಯು ಅದೇ ಲಾಕ್‌ಗೆ ಕಾಯುತ್ತಾ ಗಿರಗಿರ ಸುತ್ತುತ್ತಿತ್ತು, ಅದನ್ನು "ಯುಎಸ್‌ಬಿ ಸ್ವಲ್ಪ ಸ್ಲೋ" ಅಂತ ಬಿಟ್ಟಿದ್ದರು.

ನಾನು ಈ ಚೆಕ್ ತೆಗೆಯಬೇಕು ಅಂದಾಗ ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದ್ದರು: "ಅದು ಅಲ್ಲೇ ಇದ್ರೆ ನಿಂಗೇನು ತೊಂದ್ರೆ ಮಾರಾಯ? ಓಡ್ತಾ ಇದೆಯಲ್ಲ." ವಾದ ಮಾಡುವ ಬದಲು ಡೀಬಗ್ ಕರ್ನೆಲ್ ಕಟ್ಟಿದೆ. ಡೀಬಗ್_ಅಟಾಮಿಕ್_ಸ್ಲೀಪ್ ಆನ್ ಮಾಡಿದರೆ ಪ್ರೀಎಂಪ್ಟ್_ಕೌಂಟ್ ತಾನಾಗಿಯೇ ಬರುತ್ತದೆ. ಕೇಬಲ್ ಕಿತ್ತು ಸಿಕ್ಕಿಸಿದೆ. ಕರ್ನೆಲ್ ಲಾಗ್‌ನಲ್ಲಿ ಆ ಪ್ರಸಿದ್ಧ ಸಾಲು ಬಂತು: ಬಗ್, ಸ್ಲೀಪಿಂಗ್ ಫಂಕ್ಷನ್ ಕಾಲ್ಡ್ ಫ್ರಮ್ ಇನ್‌ವ್ಯಾಲಿಡ್ ಕಾಂಟೆಕ್ಸ್ಟ್. ಅದರ ಕೆಳಗೆ ಇನ್_ಅಟಾಮಿಕ್ 1, ಐಆರ್‌ಕ್ಯೂಸ್_ಡಿಸೇಬಲ್ಡ್ 0, ಆಮೇಲೆ ಇಡೀ ಸ್ಟ್ಯಾಕ್. ಅವರು ಓದಿ "ಓಹೋ, ಹಾಗಾ ವಿಷ್ಯ. ತೆಗಿ ತೆಗಿ" ಅಂದರು.

ಇದು ನಮ್ಮ ಡ್ರೈವರ್‌ನ ವಿಶೇಷ ಅಂದುಕೊಳ್ಳಬೇಡಿ. ಮೇನ್‌ಲೈನ್‌ನ ಎನಿಕ್ ಅನ್ನುವ ಈಥರ್ನೆಟ್ ಡ್ರೈವರ್‌ನಲ್ಲಿ ಗ್ಲೈಕ್ಸ್‌ನರ್‌ಗೆ ಸಿಕ್ಕಿದ್ದೂ ಇಂಥದ್ದೇ. ಅಲ್ಲಿ ಕಾಯುವ ಒಂದು ಫಂಕ್ಷನ್‌ನ ತಲೆಯಲ್ಲಿ ಬಗ್_ಆನ್(ಇನ್_ಇಂಟರಪ್ಟ್()) ಇತ್ತು. ಅದನ್ನು ಕರೆಯುವವರನ್ನು ಹುಡುಕಿಕೊಂಡು ಹೋದರೆ, ರಿಸೆಟ್ ಮಾಡುವ ವರ್ಕ್ ಒಂದು ಸ್ಪಿನ್‌ಲಾಕ್ ಹಿಡಿದು ಅದನ್ನೇ ಕರೆಯುತ್ತಿತ್ತು. ಕಾವಲುಗಾರ ಬಾಗಿಲಲ್ಲೇ ನಿಂತಿದ್ದ, ಕಳ್ಳ ಅವನ ಮುಂದೆಯೇ ಹೋಗುತ್ತಿದ್ದ. ಅದೇ ಗುಡಿಸುವಾಗ ಮೋಡೆಮ್‌ಗಳ ಕೈಫ್ ಪ್ರೋಟೋಕಾಲ್‌ನ ಎಸ್‌ಪಿಐ ಡ್ರೈವರ್ ಒಂದು ಸಿಕ್ಕಿತು. ಕಾಂಟೆಕ್ಸ್ಟ್ ಹುಡುಕಲು ಹೋದರೆ ಕರೆಯುವವರೇ ಇಲ್ಲ. ಹತ್ತು ವರ್ಷದ ಹಿಂದೆ ಸೇರಿಸಿದ ಡ್ರೈವರ್‌ಗೆ ಸಾಧನ ಒದಗಿಸುವ ಕೋಡೇ ಕರ್ನೆಲ್‌ಗೆ ಬಂದಿರಲಿಲ್ಲ. ಇಡೀ ಡ್ರೈವರ್ ತೆಗೆದು ಹಾಕಿದರು. ಚೆಕ್ ತೆಗೆಯುವ ಅತಿ ಸುಲಭದ ವಿಧಾನ ಅದು!

ನಮ್ಮ ರಿಜಿಸ್ಟರ್ ಫಂಕ್ಷನ್ ಎರಡಾಯಿತು. ಒಂದು ಕಾಯುತ್ತದೆ, ಅದರ ಮೊದಲ ಸಾಲು ಮೈಟ್_ಸ್ಲೀಪ್(), ‘ಇಲ್ಲಿ ಸ್ಲೀಪ್ ಆಗಬಹುದು’ ಅನ್ನುವ ಘೋಷಣೆ. ಇನ್ನೊಂದರ ಹೆಸರಿನ ಕೊನೆಗೆ _ಅಸಿಂಕ್ ಇದೆ, ಅದು ಕಾಯುವುದಿಲ್ಲ. ಯಾವುದು ಬೇಕು ಅಂತ ಆರಿಸುವುದು ಕರೆಯುವವರ ಕೆಲಸ. ಲಿಂಕ್ ವರ್ಕ್‌ನಲ್ಲಿ ಅಸಿಂಕ್ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಅಲ್ಲಿ ಬರೆದದ್ದು ಮುಗಿಯಿತಾ ಅಂತ ತಿಳಿಯುವುದು ಮುಖ್ಯ. ಹಾಗಾಗಿ ಸ್ಥಿತಿ ಬದಲಿಸುವುದನ್ನು ಮಾತ್ರ ಲಾಕ್ ಒಳಗೆ ಬಿಟ್ಟು, ರಿಜಿಸ್ಟರ್ ಬರೆಯುವುದನ್ನು ಲಾಕ್ ಬಿಟ್ಟ ಮೇಲೆ ಇಟ್ಟೆ. ಎರಡು ಲಿಂಕ್ ವರ್ಕ್ ಒಟ್ಟಿಗೆ ಓಡದಂತೆ ವರ್ಕ್‌ಕ್ಯೂ ಹೇಗೂ ನೋಡಿಕೊಳ್ಳುತ್ತದೆ, ಒಂದೇ ವರ್ಕ್ ಐಟಂ ಒಂದೇ ಸಮಯಕ್ಕೆ ಎರಡು ಕಡೆ ಓಡುವುದಿಲ್ಲ.

ಉಳಿದವು

ಮೆಮೊರಿ ಫಂಕ್ಷನ್‌ಗೆ ಜಿಎಫ್‌ಪಿ ಆರ್ಗ್ಯುಮೆಂಟ್ ಸೇರಿಸಿದೆ. ಕರೆಯುವ ಜಾಗ ಬಹಳ ಇದ್ದುದರಿಂದ ಕಾಕ್ಸಿನೆಲ್ ಬಳಸಿದೆ. ಫ್ರಾನ್ಸ್‌ನ ಇನ್ರಿಯಾ ಸಂಶೋಧನಾ ಸಂಸ್ಥೆಯಲ್ಲಿ ಬೆಳೆದ ಟೂಲ್ ಇದು, ಸಿ ಕೋಡ್‌ನ ರಚನೆ ನೋಡಿ ಹುಡುಕಿ ಬದಲಿಸುತ್ತದೆ. ಎಲ್ಲ ಕರೆಗಳಿಗೂ ಮೊದಲು ಜಿಎಫ್‌ಪಿ_ಅಟಾಮಿಕ್ ಕೊಟ್ಟು ಒಂದು ಪ್ಯಾಚ್. ಆಮೇಲೆ ಒಂದೊಂದೇ ಕಾಲ್ ಚೈನ್ ಓದಿ, ಪ್ರೊಸೆಸ್ ಕಾಂಟೆಕ್ಸ್ಟ್ ಅಂತ ಖಾತ್ರಿಯಾದವನ್ನು ಜಿಎಫ್‌ಪಿ_ಕರ್ನೆಲ್ ಮಾಡಿದೆ. ಹೆಚ್ಚಿನವು ಪ್ರೋಬ್ ಮತ್ತು ಓಪನ್ ದಾರಿಯಲ್ಲೇ ಇದ್ದವು. "ಎಲ್ಲ ಕಡೆ ಅಟಾಮಿಕ್ ಬಿಟ್ಟರೆ ಏನಾಗುತ್ತೆ?" ಅಂತ ಕೇಳಬಹುದು. ಅಟಾಮಿಕ್ ಕಾಯುವುದಿಲ್ಲ, ತುರ್ತಿಗೆ ಇಟ್ಟ ಮೆಮೊರಿಗೆ ಕೈ ಹಾಕುತ್ತದೆ, ಮೆಮೊರಿ ಬಿಗಿಯಾದಾಗ ಬೇಗ ಕೈಕೊಡುತ್ತದೆ. ಸಾಧನ ಸಿಕ್ಕಿಸಿದಾಗ ಒಮ್ಮೆ ಬೇಕಾಗುವ ದೊಡ್ಡ ಬಫರ್‌ಗೆ ಅದು ಬೇಕಾಗಿಲ್ಲ. ಪ್ಯಾಕೆಟ್ ಕಳಿಸುವ ದಾರಿಯಲ್ಲಿ ಮಾತ್ರ ನನಗೆ ಎರಡು ಫ್ಲ್ಯಾಗ್‌ಗಳೂ ಇಷ್ಟವಾಗಲಿಲ್ಲ. ಅಲ್ಲಿ ಪ್ರತಿ ಪ್ಯಾಕೆಟ್‌ಗೂ ಯುಆರ್‌ಬಿ ಹುಟ್ಟಿಸುತ್ತಿದ್ದರು. ಓಪನ್‌ನಲ್ಲೇ ಒಂದಷ್ಟು ಮಾಡಿಟ್ಟುಕೊಂಡು ತಿರುಗಿ ತಿರುಗಿ ಬಳಸುವಂತೆ ಮಾಡಿದೆ.

ರಿಸೆಟ್ ದಾರಿಯಲ್ಲಿ "ಇಂಟರಪ್ಟ್ ಆದರೆ ಎಂಡಿಲೇ 100, ಇಲ್ಲದಿದ್ದರೆ ಎಂಸ್ಲೀಪ್ 100" ಅಂತ ಇತ್ತು. ಎಂಡಿಲೇ ಅಂದರೆ 100 ಮಿಲಿಸೆಕೆಂಡ್ ಸಿಪಿಯು ಸುಮ್ಮನೆ ಸುತ್ತುವುದು. ಆರ್‌ಟಿ ಬೇಕು ಅನ್ನುವವರಿಗೆ ಇದನ್ನು ತೋರಿಸಿದರೆ ಓಡಿ ಹೋಗುತ್ತಾರೆ. ಮೇಲಕ್ಕೆ ಹತ್ತಿ ನೋಡಿದರೆ ಟಿಎಕ್ಸ್ ಟೈಮ್‌ಔಟ್ ಒಂದು ವರ್ಕ್ ಹಚ್ಚಿ ಸುಮ್ಮನಾಗುತ್ತದೆ, ರಿಸೆಟ್ ನಡೆಯುವುದು ಆ ವರ್ಕ್‌ನಲ್ಲಿ ಮಾತ್ರ. ಎಂಡಿಲೇ ದಾರಿ ಎಂದೂ ಓಡುವುದಿಲ್ಲ. ಕಿತ್ತೆ.

ಕಾವಲು ಚೆಕ್‌ಗಳಿಗೆ ನಾನಿಟ್ಟುಕೊಂಡ ಕ್ರಮ ಹೀಗಿತ್ತು. ಒಳಗೆ ಮ್ಯೂಟೆಕ್ಸ್ (ಕಾಯುವಾಗ ಸ್ಲೀಪ್ ಆಗುವ ಲಾಕ್) ಹಿಡಿಯುವ ಫಂಕ್ಷನ್ ಆದರೆ ಚೆಕ್ ತೆಗೆದು ಸುಮ್ಮನಾಗುವುದು. ಮ್ಯೂಟೆಕ್ಸ್_ಲಾಕ್() ತಾನೇ ಮೈಟ್_ಸ್ಲೀಪ್() ಕರೆಯುತ್ತದೆ, ಅದು ಸ್ಪಿನ್‌ಲಾಕ್, ಇಂಟರಪ್ಟ್ ಆಫ್ ಎಲ್ಲವನ್ನೂ ನೋಡುತ್ತದೆ. ಒಮ್ಮೊಮ್ಮೆ ಮಾತ್ರ ಸ್ಲೀಪ್ ಆಗುವ ಫಂಕ್ಷನ್ ಆದರೆ ತಲೆಯಲ್ಲೇ ಒಂದು ಮೈಟ್_ಸ್ಲೀಪ್() ಹಾಕುವುದು. ಇಲ್ಲದಿದ್ದರೆ ತಪ್ಪು ಕರೆ ಸ್ಲೋ ದಾರಿ ಓಡಿದ ದಿನ ಮಾತ್ರ ಸಿಕ್ಕಿಬೀಳುತ್ತದೆ. "ಈ ಲಾಕ್ ಹಿಡಿದಿರಬೇಕು" ಅನ್ನುವ ಅರ್ಥದಲ್ಲಿ ಹಾಕಿದ ಚೆಕ್ ಇದ್ದ ಕಡೆ ಲಾಕ್‌ಡೆಪ್_ಅಸರ್ಟ್_ಹೆಲ್ಡ್() ಬಂತು, ಹೇಳಬೇಕಾದ್ದನ್ನೇ ಅದು ನೇರವಾಗಿ ಹೇಳುತ್ತದೆ. ಬಗ್_ಆನ್ ಒಂದನ್ನೂ ಉಳಿಸಲಿಲ್ಲ. ಒಂದು ನೆಟ್‌ವರ್ಕ್ ಡಾಂಗಲ್‌ಗಾಗಿ ಇಡೀ ಮೆಶಿನ್ ಬೀಳಿಸುವುದು ಅತಿಯಾಯಿತು.

ಲಾಕ್ ಆರಿಸುವ ಚೆಕ್ ಅಂಕಿಅಂಶ ಎಣಿಸುವ ಜಾಗದಲ್ಲಿತ್ತು: ಇಂಟರಪ್ಟ್ ಆದರೆ ಸ್ಪಿನ್_ಲಾಕ್, ಇಲ್ಲದಿದ್ದರೆ ಸ್ಪಿನ್_ಲಾಕ್_ಬಿಎಚ್. ಕಂಪ್ಲೀಶನ್ ಹ್ಯಾಂಡ್ಲರ್ ಹಾರ್ಡ್‌ವೇರ್ ಇಂಟರಪ್ಟ್‌ನಲ್ಲೂ ಬರಬಹುದಾದ್ದರಿಂದ ಬಿಎಚ್ ಸಾಲದು. ಐಆರ್‌ಕ್ಯೂಸೇವ್ ಹಾಕಿದೆ, ಮುಗಿಯಿತು.

ಪ್ಯಾಕೆಟ್ ಮೇಲಕ್ಕೆ ಕೊಡುವ ಜಾಗ ಸ್ವಲ್ಪ ಇತಿಹಾಸ ಕೇಳುತ್ತದೆ. ಹಿಂದೆ ನೆಟಿಫ್_ಆರ್‌ಎಕ್ಸ್() ಅನ್ನು ಇಂಟರಪ್ಟ್‌ನಿಂದ ಕರೆಯಬೇಕಿತ್ತು, ಪ್ರೊಸೆಸ್ ಕಾಂಟೆಕ್ಸ್ಟ್‌ಗೆ ನೆಟಿಫ್_ಆರ್‌ಎಕ್ಸ್_ಎನ್ಐ() ಅಂತ ಬೇರೆ ಇತ್ತು. ತಪ್ಪಾಗಿ ಕರೆದರೆ ಕೆಲಸ ಸಾಫ್ಟ್‌ಐಆರ್‌ಕ್ಯೂಗೆ ಹಚ್ಚಿ ಹಾಗೇ ಉಳಿದುಬಿಡುತ್ತಿತ್ತು. ಲಾಗ್‌ನಲ್ಲಿ "ನೋಹರ್ಟ್ಸ್: ಲೋಕಲ್_ಸಾಫ್ಟ್‌ಐಆರ್‌ಕ್ಯೂ_ಪೆಂಡಿಂಗ್ 08" ಅಂತ ನೋಡಿದ್ದರೆ ಅದು ಇದೇ. 08 ಅಂದರೆ 3ನೇ ಬಿಟ್, ನೆಟ್‌ವರ್ಕ್ ರಿಸೀವ್. ಈ ಕಾಟಕ್ಕೇ ಎಷ್ಟೋ ಡ್ರೈವರ್‌ಗಳಲ್ಲಿ "ಇಂಟರಪ್ಟ್ ಆದರೆ ಇದು, ಇಲ್ಲದಿದ್ದರೆ ಅದು" ಅಂತ ಬರೆದಿದ್ದರು. 2020ರಲ್ಲಿ ಆ ಚೆಕ್ ಅನ್ನು ಕೋರ್ ಒಳಗೆ ಎಳೆದು ನೆಟಿಫ್_ಆರ್‌ಎಕ್ಸ್_ಎನಿ_ಕಾಂಟೆಕ್ಸ್ಟ್() ಮಾಡಿದರು. 2022ರ 5.18ರಲ್ಲಿ ನೆಟಿಫ್_ಆರ್‌ಎಕ್ಸ್() ಎಲ್ಲಿಂದ ಬೇಕಾದರೂ ಕರೆಯುವಂತಾಯಿತು, ಉಳಿದೆರಡು ಹೋದವು. ಅಂದರೆ ಈ ಒಂದು ಕಡೆ ಸಮಸ್ಯೆ ಡ್ರೈವರ್ ಬರೆದವರದ್ದಾಗಿರಲಿಲ್ಲ, ಕೋರ್ ಕೊಟ್ಟ ಫಂಕ್ಷನ್‌ನ ಸ್ವರೂಪದ್ದೇ ಆಗಿತ್ತು.

ಎಲ್ಲ ಚೆಕ್‌ಗಳೂ ಕೆಟ್ಟವು ಅಂತ ಹೇಳುತ್ತಿಲ್ಲ. ಕರ್ನೆಲ್ ಲಾಗ್ ಬರೆಯುವ ಪ್ರಿಂಟ್‌ಕೆ ಥರದ ಕೋಡ್ ನಿಜವಾಗಿಯೂ ಎಲ್ಲಿಂದಲಾದರೂ ಬರಬಹುದು, ಅದು ನೋಡಲೇಬೇಕು. ಡೆವ್_ಕೆಫ್ರೀ_ಎಸ್‌ಕೆಬಿ_ಎನಿ() ಒಳಗೂ ಚೆಕ್ ಇದೆ. ಆದರೆ ಅದು ಕೋರ್‌ನಲ್ಲಿ ಒಂದೇ ಜಾಗದಲ್ಲಿದೆ, ಅದನ್ನು ನೋಡಿಕೊಳ್ಳಲು ಜನ ಇದ್ದಾರೆ. ನಮ್ಮ ಸ್ಟಾರ್ಟ್_ಎಕ್ಸ್‌ಮಿಟ್‌ನಲ್ಲಿ ಅದನ್ನು ಹಾಗೇ ಬಿಟ್ಟೆ, ನೆಟ್‌ಕನ್ಸೋಲ್ ದಾರಿಗೆ ಅದು ಬೇಕು.

ಪ್ಯಾಚ್‌ಗಳನ್ನು ಜೋಡಿಸುವಾಗ ನಡವಳಿಕೆ ಬದಲಿಸುವವನ್ನೂ ಬದಲಿಸದವನ್ನೂ ಬೆರೆಸಲಿಲ್ಲ. ಲಾಕ್‌ನಿಂದ ರಿಜಿಸ್ಟರ್ ಬರೆಹ ಹೊರಗೆ ತಂದದ್ದು ಎಲ್ಲಕ್ಕಿಂತ ಮೊದಲು, ಬೇರೆಯಾಗಿ. ಅದು ಹಳೆ ಬ್ರಾಂಚ್‌ಗಳಿಗೂ ಹೋಗಬೇಕಾದ ರಿಪೇರಿ. ಕಮಿಟ್ ಮೆಸೇಜ್‌ನಲ್ಲಿ ಕಾಲ್ ಚೈನ್ ಬರೆದೆ, ಪ್ರತಿ ಮೆಟ್ಟಿಲಿನಲ್ಲಿ ಹಿಡಿದ ಲಾಕ್ ಸಮೇತ. ರಿವ್ಯೂ ಮಾಡಿದವರು ಕೋಡ್‌ಗಿಂತ ಅದನ್ನೇ ಜಾಸ್ತಿ ಓದಿದರು, ಒಂದು ಚೈನ್‌ನಲ್ಲಿ ಸಸ್ಪೆಂಡ್ ದಾರಿ ಸೇರಿಸಲು ಹೇಳಿದರು. ಟೆಸ್ಟ್ ಮಾಡುವಾಗ ಲಾಕ್ ಬಳಕೆಯ ತಪ್ಪು ಹಿಡಿಯುವ ಲಾಕ್‌ಡೆಪ್ ಆನ್, ಫೇಲ್‌ಸ್ಲ್ಯಾಬ್ ಆನ್. ಫೇಲ್‌ಸ್ಲ್ಯಾಬ್ ಬೇಕೆಂದೇ ಮೆಮೊರಿ ಕೊಡಲು ನಿರಾಕರಿಸುತ್ತದೆ, ಅಟಾಮಿಕ್ ಉಳಿದ ಕಡೆಗಳಲ್ಲಿ ಎರರ್ ದಾರಿ ನೆಟ್ಟಗಿದೆಯಾ ಅಂತ ಗೊತ್ತಾಗುತ್ತದೆ. ಟ್ರಾಫಿಕ್ ಓಡುವಾಗಲೇ ಸಾಧನ ಕೀಳುವುದು, ಇಂಟರ್ಫೇಸ್ ಇಳಿಸಿ ಏರಿಸುವುದು, ಸಸ್ಪೆಂಡ್ ಮಾಡಿ ಎಬ್ಬಿಸುವುದು, ಇಷ್ಟನ್ನೂ ಸ್ಕ್ರಿಪ್ಟ್‌ಗೆ ಹಾಕಿ ಮಾಮೂಲಿ ಮತ್ತು ಆರ್‌ಟಿ ಎರಡೂ ಕರ್ನೆಲ್ ಮೇಲೆ ರಾತ್ರಿಯಿಡೀ ಬಿಟ್ಟೆವು.

ಕೊನೆಗೆ ಪ್ರತಿ ಫಂಕ್ಷನ್‌ನ ಮೇಲಿನ ಕಾಮೆಂಟ್‌ನಲ್ಲಿ ಕಾಂಟೆಕ್ಸ್ಟ್ ಸಾಲು ಸೇರಿಸಿದೆ. ಕರ್ನೆಲ್‌ಡಾಕ್‌ನಲ್ಲಿ ಅದಕ್ಕೆಂದೇ ಜಾಗ ಇದೆ: ಪ್ರೊಸೆಸ್ ಕಾಂಟೆಕ್ಸ್ಟ್, ಸ್ಲೀಪ್ ಆಗಬಹುದು, ಅಥವಾ, ಎಲ್ಲಿಂದಲಾದರೂ ಕರೆಯಬಹುದು, ಇಂಥ ಲಾಕ್ ಹಿಡಿಯುತ್ತದೆ. ಈಗ ಹೊಸಬರು ಯಾರಾದರೂ ಫಂಕ್ಷನ್ ಸೇರಿಸಿದರೆ ರಿವ್ಯೂನಲ್ಲಿ ನಾವು ಮೊದಲು ಕೇಳುವುದು ಆ ಸಾಲನ್ನು. ಐದು ವರ್ಷ ಹಳೆಯ ಕರ್ನೆಲ್ ಬಿಡದ ಒಂದಿಬ್ಬರು ಗ್ರಾಹಕರಿಗಾಗಿ ಕಾಂಪ್ಯಾಟ್ ಹೆಡರ್‌ನಲ್ಲಿ ನೆಟಿಫ್_ಆರ್‌ಎಕ್ಸ್_ಎನ್ಐ() ಇನ್ನೂ ಇದೆ. ಕರೆಯುವ ಜಾಗ ಎರಡೇ, ಎರಡರ ಕಾಂಟೆಕ್ಸ್ಟೂ ಗೊತ್ತು, ಹಾಗಾಗಿ ಅಲ್ಲೂ ಚೆಕ್ ಬೇಕಾಗಲಿಲ್ಲ. ಅವರು ಅಪ್‌ಗ್ರೇಡ್ ಮಾಡಿದ ದಿನ ಆ ಹೆಡರ್ ಕೂಡ ಹೋಗುತ್ತದೆ.